ರಬ್ಬರ್ ಕೊಳವೆಯೊಳಗಿನ ಗಂಟು

ಆ ಗಾಡಿಯ ನಂಬರನ್ನು ಕರೆಂಟಕ್ಕ ಆರು ವರ್ಷದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ತನ್ನ ಸ್ಕೂಟರಿನ ನಂಬರ್ ಕೇಳಿದರೆ ಹಿಂದೆ ಹೋಗಿ ಬಗ್ಗಿ ನೋಡಿ ಹೇಳುವವಳು, ಇದನ್ನು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಡವರಿಸದೆ ಹೇಳುತ್ತಿದ್ದಳು. ಹಾಗಾಗಿ ಮಂಗಳವಾರ ಬೆಳಿಗ್ಗೆ ಬೂದಿ ಬಣ್ಣದ ಆ ಕಾರು ಬಂದು ತನ್ನ ಅಂಗಡಿಯ ಷಟರಿನ ಮುಂದೆಯೇ ನಿಂತಾಗ, ಬಾಯಿಗೆ ಹೋಗುತ್ತಿದ್ದ ಟೀ ಲೋಟ ಅರ್ಧದಾರಿಯಲ್ಲಿ ನಿಂತುಬಿಟ್ಟಿತು.

ಕರೆಂಟಕ್ಕ ಎಂಬ ಹೆಸರು ಬೀದಿಯವರು ಇಟ್ಟದ್ದು. ಗಾಡಿಗಳ ಕರೆಂಟು ಕೆಲಸ ಮಾಡುತ್ತಾಳೆ ಎಂಬುದು ಅರ್ಧ ಕಾರಣ. ಮುಟ್ಟಿದರೆ ಹೊಡೆಯುತ್ತದೆ ಎಂಬುದು ಉಳಿದರ್ಧ. ಟೈರಿನಂಗಡಿಗೂ ಪ್ರೆಸ್ಸಿಗೂ ನಡುವೆ ಒಂದೇ ಷಟರಿನ ಅಂಗಡಿ. ಒಳಗೆ ಗೋಡೆ ತುಂಬ ವೈರಿನ ಸುರುಳಿಗಳು, ಬಾಗಿಲ ಬಳಿ ಕುರ್ಚಿಯಲ್ಲಿ ಅವಳ ಅಪ್ಪ. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿದ್ದರೂ ತೊಡೆಯ ಮೇಲಿನ ತಟ್ಟೆಯಲ್ಲಿದ್ದ ಸ್ಕ್ರೂ, ಕ್ಲಿಪ್ಪುಗಳನ್ನು ಬೆರಳಲ್ಲೇ ಅಳೆದು ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದ. ಒಂದು ಕಾಲಕ್ಕೆ ಊರಿನ ಅರ್ಧ ಮೆಕ್ಯಾನಿಕ್ಕುಗಳಿಗೆ ವಿದ್ಯೆ ಹೇಳಿಕೊಟ್ಟವನು. ದೊಡ್ಡಮೇಸ್ತ್ರಿ ಎಂದರೆ ಈಗಲೂ ಜನ ಎದ್ದು ನಿಲ್ಲುತ್ತಿದ್ದರು.

ಕಾರಿನಿಂದ ಇಳಿದವಳು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಹೋದ ತಿಂಗಳು ಕಾರನ್ನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದಳಂತೆ.

"ಅಕ್ಕಾ, ಇದರ ಸೆಂಟ್ರಲ್ ಲಾಕ್ ಕೆಲಸಾನೇ ಮಾಡಲ್ಲ. ಹಳೇ ಓನರ್ರು ‘ಅದು ಇಲ್ಲವೇ ಇಲ್ಲ ಅಂದ್ಕೊಳಿ’ ಅಂದ್ಬಿಟ್ರು. ಎರಡೂ ಕೈಲಿ ಚೀಲ ಹಿಡ್ಕೊಂಡು ನಾಲ್ಕು ಬಾಗಿಲು ಒಂದೊಂದಾಗಿ ಒತ್ತಿ ಒತ್ತಿ ಸಾಕಾಗಿದೆ."

"ಬಿಡಿ ಸಿಸ್ಟರ್, ನೋಡ್ತೀನಿ," ಎಂದಳು ಕರೆಂಟಕ್ಕ. ದನಿ ನೆಟ್ಟಗಿತ್ತು. ಹೊಟ್ಟೆಯೊಳಗೆ ಮಾತ್ರ ಆರು ವರ್ಷದ ಕೆಂಡಕ್ಕೆ ಯಾರೋ ಊದಿದ ಹಾಗಾಯಿತು.

ಆರು ವರ್ಷದ ಹಿಂದೆ ಅವಳು ಅಕ್ಕನ ಗಂಡನ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಳು. ಗ್ಯಾರೇಜು ಭಾವನದು, ಬೋರ್ಡಿನ ಮೇಲೆ ಹೆಸರೂ ಫೋಟೋವೂ ಅಪ್ಪನದು. ಅಪ್ಪನ ಕೈಗುಣ ನಂಬಿ ಗಿರಾಕಿಗಳು ಬರುತ್ತಿದ್ದರು. ಈ ಬೂದಿ ಕಾರು ಬಂದಿದ್ದು ಎರಡು ದೂರು ಹೊತ್ತು: ಹಾರ್ನ್ ಕೂಗುತ್ತಿಲ್ಲ, ಡ್ರೈವರ್ ಬಾಗಿಲಿನ ಲಾಕ್ ಕೆಲಸ ಮಾಡುತ್ತಿಲ್ಲ. ಹಾರ್ನನ್ನು ಅವಳಿಗೆ ಕೊಟ್ಟ ಭಾವ, "ಬಾಗಿಲಿಂದು ನಾನು ನೋಡ್ಕೋತೀನಿ, ನೀನು ಕೈ ಹಾಕಬೇಡ" ಎಂದಿದ್ದ. ಅವಳು ಹಾರ್ನ್ ಮಾಡಿ ಎದ್ದು ಹೋಗಿದ್ದಳು. ಕೆಲಸದ ಚೀಟಿಯ ಮೇಲೆ ಮಾತ್ರ ಒಂದೇ ಹೆಸರು, ಅವಳದು.

ಎರಡು ದಿನ ಕಳೆದು ಆ ಕಾರಿನ ಯಜಮಾನ ಕೀಲಿಯನ್ನು ಒಳಗೇ ಬಿಟ್ಟು ಔಷಧಿ ತರಲು ಇಳಿದು ಬಾಗಿಲು ಹಾಕಿದ. ಟಕ್ಕೆಂದು ನಾಲ್ಕೂ ಬಾಗಿಲು ತಾವಾಗಿ ಲಾಕ್ ಆದವು. ಹಿಂದಿನ ಸೀಟಿನಲ್ಲಿ ಅವನ ಮುದುಕಿ ತಾಯಿ. ಹಿಂದಿನ ಬಾಗಿಲುಗಳಿಗೆ ಮಕ್ಕಳು ತೆಗೆಯದಂತೆ ಚಿಲಕ ಬೇರೆ ಹಾಕಿತ್ತು. ನೆತ್ತಿ ಸುಡುವ ಬಿಸಿಲಲ್ಲಿ ಅರ್ಧ ಗಂಟೆ ಒಳಗೆ ಬೆಂದು, ಗಾಜು ಒಡೆದು ಎತ್ತುವ ಹೊತ್ತಿಗೆ ಆಕೆಗೆ ಎಚ್ಚರ ತಪ್ಪಿತ್ತು. ಜೀವ ಉಳಿಯಿತು. ಆದರೆ ಆ ಮಗ ಗ್ಯಾರೇಜಿಗೆ ಬಂದು ಕೂಗಾಡಿದಾಗ ಭಾವ ಚೀಟಿ ತೆಗೆದು ನೋಡಿ, ಹತ್ತು ಜನರ ಮುಂದೆ ಅವಳ ಕಡೆ ಬೆರಳು ತೋರಿಸಿದ.

"ನಾನು ಬಾಗಿಲು ಮುಟ್ಟೇ ಇಲ್ಲ ಭಾವ" ಎಂದು ಅವಳು ಎಷ್ಟು ಸಲ ಹೇಳಿದಳೋ. "ಕೊಲೆಗಾತಿ ಆಗಿಬಿಡ್ತಿದ್ದೆ, ಇನ್ನೂ ಬಾಯಿ ಮಾಡ್ತೀಯಾ?" ಎಂದ ಭಾವ. ಅಕ್ಕ ಗಂಡನ ಮಾತನ್ನೇ ನಂಬಿದಳು. ಅವತ್ತು ಟೂಲ್ ಪೆಟ್ಟಿಗೆ ಹೊತ್ತು ಹೊರಬಿದ್ದವಳು ಅಕ್ಕನ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಊರಿನಲ್ಲಿ ಒಂದೂವರೆ ವರ್ಷ ಯಾರೂ ಅವಳ ಕೈಗೆ ಗಾಡಿ ಕೊಡಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಲ್ಲ ಎಂದು ಅವಳು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದಳು.

ಅವಳಿಗಿದ್ದ ಒಂದೇ ಸಮಾಧಾನ ಅಪ್ಪ. ಮೂರು ವರ್ಷದ ಹಿಂದೆ, ದೊಡ್ಡ ಮಗಳ ಮನೆಯಲ್ಲಿ ಸುಖವಾಗಿದ್ದ ಮನುಷ್ಯ ತಾನಾಗಿಯೇ ಟ್ರಂಕು ಹಿಡಿದು ಬಂದು ಅವಳ ಬಾಗಿಲಲ್ಲಿ ನಿಂತಿದ್ದ. "ಇನ್ಮೇಲೆ ಇಲ್ಲೇ ಇರ್ತೀನಿ" ಎಂದ, ಅಷ್ಟೇ. ಅಪ್ಪ ನನ್ನ ಪಾಲಿಗೆ ಬಂದ, ನ್ಯಾಯ ಯಾವ ಕಡೆ ಇದೆ ಅಂತ ಅಪ್ಪನಿಗೆ ಗೊತ್ತು ಎಂದು ಅವಳು ಬೀದಿಗೆಲ್ಲ ಹೇಳಿಕೊಂಡು ಬೀಗಿದ್ದಳು.

ಈಗ ಕರೆಂಟಕ್ಕ ಕಾರಿನ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದಳು. ಲಾಕಿನ ಫ್ಯೂಸ್ ಇರಬೇಕಾದ ಜಾಗ ಖಾಲಿ. ಸುಟ್ಟು ಹೋಗಿದ್ದರೆ ಮಸಿ ಇರಬೇಕು, ಇಲ್ಲವೇ ಕರಗಿದ ಗುರುತು ಇರಬೇಕು. ತಗಡಿನ ಹಲ್ಲುಗಳು ಥಳಥಳ ಹೊಳೆಯುತ್ತಿದ್ದವು. ಯಾರೋ ಬೇಕೆಂದೇ ಕಿತ್ತಿದ್ದರು. ಯಾರು? ಆ ಗಲಾಟೆಯ ದಿನ ಯಜಮಾನನಿಗೆ ಸಮಾಧಾನ ಹೇಳಿ ಗಾಡಿಯನ್ನು ಒಳಗೆ ತೆಗೆದುಕೊಂಡು ಹೋಗಿ, ಹತ್ತೇ ನಿಮಿಷದಲ್ಲಿ ‘ಸರಿ ಮಾಡಿದೀನಿ’ ಎಂದು ಹೊರಗೆ ತಂದವನು ಭಾವ. ಸರಿಯಲ್ಲ, ಮುಚ್ಚಿ ಹಾಕಿದ್ದ. ಫ್ಯೂಸೇ ಇಲ್ಲದಿದ್ದರೆ ಲಾಕ್ ಕೆಲಸ ಮಾಡುವುದಿಲ್ಲ, ತಾನಾಗಿ ಲಾಕ್ ಬೀಳದಿದ್ದರೆ ಒಳಗೆ ಏನಿದೆ ಎಂದು ಯಾರೂ ಬಿಚ್ಚಿ ನೋಡುವುದಿಲ್ಲ.

ಹೊಸ ಫ್ಯೂಸ್ ಒತ್ತಿದಳು. ಡ್ರೈವರ್ ಬಾಗಿಲಿನ ಗುಂಡಿ ಒತ್ತಿದಾಗ ನಾಲ್ಕೂ ಲಾಕ್ ಒಟ್ಟಿಗೆ ಇಳಿದವು, ಎತ್ತಿದಾಗ ಎದ್ದವು. ನರ್ಸ್ ಚಪ್ಪಾಳೆ ತಟ್ಟಿದಳು.

"ತಾಳಿ ಸಿಸ್ಟರ್, ಮದುವೆ ಇನ್ನೂ ಮುಗಿದಿಲ್ಲ," ಎಂದು ಕರೆಂಟಕ್ಕ ಡ್ರೈವರ್ ಬಾಗಿಲನ್ನು ನಿಧಾನವಾಗಿ ತೆರೆದಳು. ಬಾಗಿಲು ಅರ್ಧಕ್ಕೆ ಬಂದಿತೋ ಇಲ್ಲವೋ, ಟಕ್! ಯಾರೂ ಮುಟ್ಟದೆ ನಾಲ್ಕೂ ಬಾಗಿಲು ಲಾಕ್ ಆದವು. ಅದೇ ಸದ್ದು. ನರ್ಸಿನ ಚಪ್ಪಾಳೆ ನಿಂತಿತು.

ಅವಳು ಆತುರಪಡಲಿಲ್ಲ. ಬಾಗಿಲಿನ ಒಳಹಲಗೆ ಬಿಚ್ಚಿ ಸ್ವಿಚ್ಚಿನ ಪ್ಲಗ್ಗನ್ನೇ ಕಳಚಿದಳು. ಆದರೂ ಬಾಗಿಲು ಅರ್ಧಕ್ಕೆ ಬಂದಾಗ ಟಕ್. ಅಂದರೆ ತಪ್ಪು ಸ್ವಿಚ್ಚಿನದಲ್ಲ, ಅದಕ್ಕಿಂತ ಮೊದಲು ವೈರಿನದು. ಲಾಕ್ ಮಾಡು ಎಂದು ಹೇಳುವ ವೈರಿಗೆ ಮೀಟರಿನ ಒಂದು ಕಡ್ಡಿ, ಅರ್ತ್ ಸಿಗುವ ಬಾಡಿಯ ತಗಡಿಗೆ ಇನ್ನೊಂದು. ಬಾಗಿಲು ಮುಚ್ಚಿದ್ದಾಗ ಮೀಟರ್ ಸುಮ್ಮನಿತ್ತು, ಅರ್ಧ ತೆರೆದಾಗ ಎರಡೂ ತಾಗಿದವು ಎಂದು ಕುಯ್ಯೆಂದಿತು. ಬಾಗಿಲು ತೆರೆದಾಗ ಬಾಗುವ ವೈರು ಇರುವುದು ಒಂದೇ ಕಡೆ. ಬಾಗಿಲಿಗೂ ಬಾಡಿಗೂ ನಡುವೆ, ಕೀಲಿನ ಪಕ್ಕದಲ್ಲಿ, ಆನೆಮರಿಯ ಸೊಂಡಿಲಿನಂತೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಕೊಳವೆ ಇರುತ್ತದೆ. ವೈರುಗಳೆಲ್ಲ ಅದರೊಳಗೇ ಹಾಯುತ್ತವೆ. ಅವಳು ಅದನ್ನು ಹೆಬ್ಬೆರಳಿನಿಂದ ಅಮುಕಿ ನೋಡಿದಳು. ಒಳಗೆ ಗಂಟೊಂದು ಸಿಕ್ಕಿತು.

ಕೊಳವೆಯೊಳಗೆ ಗಂಟು! ಈ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠವೇ ಅದು. ದಿನಕ್ಕೆ ಐವತ್ತು ಸಲ ಬಾಗುವ ಜಾಗದಲ್ಲಿ ಜೋಡಣೆ ನಿಲ್ಲುವುದಿಲ್ಲ. ಹೊಸ ವೈರನ್ನು ಉದ್ದಕ್ಕೂ ಎಳೆದು, ಗಂಟನ್ನು ಅಲುಗಾಡದ ಕಡೆ ಹಾಕಬೇಕು. ‘ರಬ್ಬರೊಳಗೆ ಗಂಟು ಹಾಕೋನು ಹೊಟ್ಟೆಗೆ ಅನ್ನ ತಿನ್ನಲ್ಲ’ ಎಂದು ಅಪ್ಪ ಬೈದು ಬೈದು ಕಲಿಸಿದ್ದ. ಒಬ್ಬೊಬ್ಬ ಕೆಲಸಗಾರನ ಗಂಟು ಒಂದೊಂದು ಥರ, ಕೈಬರಹ ಇದ್ದ ಹಾಗೆ. ಇದನ್ನು ಬಿಚ್ಚಿದರೆ ಭಾವನ ಕೈಬರಹ ಸಿಗುತ್ತದೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಬ್ಲೇಡು ಎತ್ತಿಕೊಂಡವಳು ಕೈ ತಡೆದಳು. ಒಬ್ಬಳೇ ಬಿಚ್ಚಿ ನೋಡಿ ಏನು ಬಂತು? ತನ್ನ ಮಾನ ಹೋದದ್ದು ಹತ್ತು ಜನರ ಮುಂದೆ. ಬರುವುದಾದರೂ ಹತ್ತು ಜನರ ಮುಂದೆಯೇ ಬರಲಿ.

"ಗಾಡಿ ಇವತ್ತು ಇಲ್ಲಿರ್ಲಿ ಸಿಸ್ಟರ್. ನಾಳೆ ಹನ್ನೊಂದಕ್ಕೆ ಬನ್ನಿ, ನಿಮ್ಮ ಮುಂದೇನೇ ಬಿಚ್ತೀನಿ," ಎಂದು ಕಳಿಸಿ, ಎದುರು ಸಾಲಿನ ಪೇಂಟಿನವನನ್ನು ಕರೆದಳು. ಗಾಡಿಗೆ ಬಣ್ಣ ಹೊಡೆಯುವ ಆತ ಅವಳ ಅಂಗಡಿಗೂ ಭಾವನ ಗ್ಯಾರೇಜಿಗೂ ಬೇಕಾದವನು. ಅವನ ಕಿವಿಯಲ್ಲಿ ಒಂದು ಮಾತು ಹಾಕಿದರೆ ಡಂಗುರ ಹೊಡೆಸುವ ಖರ್ಚು ಉಳಿಯುತ್ತಿತ್ತು.

"ಆ ಬೂದಿ ಕಾರು ಬಂದಿದೆ ಅಂತ ನಮ್ಮ ಭಾವನಿಗೆ ಹೇಳು. ನಾಳೆ ಹನ್ನೊಂದಕ್ಕೆ ಎಲ್ಲರ ಮುಂದೆ ಬಾಗಿಲಿನ ವೈರ್ ಬಿಚ್ತೀನಿ. ಗಂಡಸಾಗಿದ್ರೆ ಬಂದು ನೋಡ್ಲಿ. ಬರ್ಲಿಲ್ಲಾಂದ್ರೆ ಒಪ್ಕೊಂಡ ಹಾಗೇ ಅಂತಾನೂ ಹೇಳು."

ಪೇಂಟಿನವನು ಹೋದಮೇಲೆ ಅಪ್ಪ ಕೇಳಿದ, "ಯಾವ ಕಾರು ಅಂದೆ?"

ಅವಳು ನಂಬರ್ ಹೇಳಿದಳು. ತಟ್ಟೆಯಲ್ಲಿ ಆಡುತ್ತಿದ್ದ ಅಪ್ಪನ ಬೆರಳು ನಿಂತವು.

"ಹಳೇದನ್ನ ಯಾಕೆ ಕೆದಕ್ತೀಯೆ. ಹೊಸ ವೈರ್ ಎಳೆದು ಕೊಟ್ಟು ಕಳಿಸಿಬಿಡು."

"ನಿನ್ನ ಮನಸ್ಸು ಬೆಣ್ಣೆ ಅಪ್ಪಾ. ನಂದು ಹಾಗಲ್ಲ. ಅವರು ತಲೆ ತಗ್ಗಿಸಿ ನಿಲ್ಲೋದನ್ನ ನಾನು ನೋಡ್ಬೇಕು. ನೋಡಿದ್ಮೇಲೆ ಬೇಕಾದ್ರೆ ಸಾಯ್ತೀನಿ."

ಅವತ್ತು ಊಟದ ಹೊತ್ತಿಗೆ ನೋಡಿದರೆ ಸ್ಕ್ರೂ ಡಬ್ಬಿಗೆ ಕ್ಲಿಪ್ಪು, ಕ್ಲಿಪ್ಪಿನ ಡಬ್ಬಿಗೆ ಸ್ಕ್ರೂ ಬಿದ್ದಿದ್ದವು. ವಯಸ್ಸಾಯಿತು ಪಾಪ, ಎಂದುಕೊಂಡು ಅವಳೇ ಎಲ್ಲವನ್ನೂ ಆರಿಸಿ ಹಾಕಿದಳು.

ಮರುದಿನ ಹನ್ನೊಂದಕ್ಕೆ ಷಟರಿನ ಮುಂದೆ ಜಾತ್ರೆ. ಟೈರಿನಂಗಡಿಯವನು, ಪ್ರೆಸ್ಸಿನವರು, ಪೇಂಟಿನವನು, ನರ್ಸ್. ಭಾವ ಬಂದ, ಜೊತೆಗೆ ಗ್ಯಾರೇಜಿನ ಹಳೆಯ ಮೆಕ್ಯಾನಿಕ್ಕುಗಳಿಬ್ಬರು. ಅವನ ತಲೆ ಪೂರ್ತಿ ನೆರೆತಿತ್ತು. ಅವಳಿಗೆ ಅದೂ ಸಂತೋಷವೇ ಆಯಿತು. ಅವನು ಮಾವನಿಗೆ ಕೈ ಮುಗಿದ, ಮಾವನಿಗೆ ಕಾಣಲಿಲ್ಲ. ಆಮೇಲೆ ಅವಳ ಹತ್ತಿರ ಬಂದು ದನಿ ತಗ್ಗಿಸಿದ.

"ನನ್ನ ಮಾತು ಕೇಳಮ್ಮ. ಬಿಚ್ಚಬೇಡ. ತಪ್ಪು ನಂದೇ ಅಂತ ಒಪ್ಕೋತೀನಿ, ಸಾಕಾ?"

"ಯಾಕೆ ಪಿಸುಮಾತು? ಅವತ್ತು ನನ್ನ ಬೈದಾಗ ಮೂರನೇ ಬೀದಿಗೆ ಕೇಳಿಸ್ತಿತ್ತು!" ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು, ಎಂದು ಅವಳ ಮನಸ್ಸು ಕುಣಿಯಿತು.

ಬ್ಲೇಡನ್ನು ರಬ್ಬರಿಗೆ ಇಟ್ಟು ಉದ್ದಕ್ಕೆ ಸೀಳಿದಳು. ಬೆರಳು ತೂರಿಸಿ ವೈರಿನ ಕಟ್ಟನ್ನು ಹೊರಕ್ಕೆಳೆದಳು. ಲಾಕಿನ ವೈರಿನ ಮೇಲೆ ಗಂಟು. ಸುತ್ತಿದ ಟೇಪು ಒಂದು ಕಡೆ ಸರಿದು ನಾಲ್ಕು ತಾಮ್ರದ ಎಳೆಗಳು ಮೀಸೆಯಂತೆ ಹೊರಗೆ ಚಾಚಿದ್ದವು. ಪಕ್ಕದ ಅರ್ತ್ ವೈರಿನ ಸಿಪ್ಪೆ ಸವೆದಿತ್ತು. ಬಾಗಿಲು ತೆರೆದಾಗಲೆಲ್ಲ ಎರಡೂ ತಾಗಿ ಲಾಕ್ ಬೀಳುತ್ತಿತ್ತು.

"ನೋಡಿ ಎಲ್ಲಾರೂ! ಇದೇ ಆ ಮುದುಕಮ್ಮನ್ನ ಕೊಲ್ತಿದ್ದಿದ್ದು. ಈಗ ಇದು ಯಾರ ಕೈ ಕೆಲಸ ಅಂತ..." ಎನ್ನುತ್ತ ಅವಳು ಟೇಪ್ ಬಿಡಿಸಿದಳು.

ಟೇಪಿನ ಕೆಳಗೆ ಮೇಣ ಹಚ್ಚಿದ ಬಿಳಿ ದಾರವಿತ್ತು.

ಪೇಂಟಿನವನು ಮೊದಲು ನಕ್ಕ. "ದಾರ! ಕರೆಂಟಕ್ಕಾ, ಇದು ನಿಂದೇ ಅಲ್ವೇನೇ!" ಗುಂಪಿನಲ್ಲಿ ಗುಸುಗುಸು ಎದ್ದಿತು. ಟೇಪು ಬಿಸಿಲಿಗೆ ಮೆತ್ತಗಾಗಿ ಕೈಬಿಡುತ್ತದೆ, ದಾರ ಬಿಡುವುದಿಲ್ಲ ಎಂದು ಗಂಟಿಗೆ ದಾರ ಸುತ್ತುವವರು ಊರಿಗೆಲ್ಲ ಇಬ್ಬರೇ. ಒಬ್ಬ ಅಪ್ಪ. ಇನ್ನೊಬ್ಬಳು ಅವನಿಂದ ಕಲಿತ ಅವಳು.

ಅವಳು ದಾರದ ತುದಿ ನೋಡಿದಳು. ಅವಳಾದರೆ ಬ್ಲೇಡಿನಲ್ಲಿ ಕತ್ತರಿಸುತ್ತಾಳೆ. ಈ ತುದಿ ಚಪ್ಪಟೆಯಾಗಿತ್ತು, ಹಲ್ಲಿನಿಂದ ಕಚ್ಚಿದ್ದು. ಬಾಲ್ಯದಿಂದ ಸಾವಿರ ಸಲ ನೋಡಿದ ತುದಿ. ತಲೆಯೆತ್ತಿ ಭಾವನನ್ನು ನೋಡಿದಳು. ಭಾವ ಗಂಟನ್ನು ನೋಡುತ್ತಲೇ ಇರಲಿಲ್ಲ, ಬಾಗಿಲ ಬಳಿಯ ಕುರ್ಚಿಯನ್ನು ನೋಡುತ್ತಿದ್ದ.

ಎಲ್ಲವೂ ಒಮ್ಮೆಗೇ ಜಾಗಕ್ಕೆ ಬಂದು ಕೂತಿತು. ಆರು ವರ್ಷದ ಹಿಂದೆಯೇ ಅಪ್ಪನ ಕಣ್ಣು ಮಂಜಾಗಿತ್ತು, ಅದನ್ನು ಮುಚ್ಚಿಟ್ಟಿದ್ದ. ಭಾವ ಈ ಬಾಗಿಲನ್ನು ಅಪ್ಪನಿಗೆ ಕೊಟ್ಟಿದ್ದ. ವೈರನ್ನು ಉದ್ದಕ್ಕೆ ಎಳೆಯಲು ಕಣ್ಣು ಕಾಣದೆ ಅಪ್ಪ ತಾನೇ ಬೈಯುತ್ತಿದ್ದ ಜಾಗದಲ್ಲಿ ಗಂಟು ಹಾಕಿದ್ದ. ಬೋರ್ಡಿನ ಮೇಲಿನ ಹೆಸರು ಉಳಿಯಬೇಕಿತ್ತು, ಅದಕ್ಕೆ ಅವಳ ಹೆಸರು ಹೋಯಿತು. ಮೂರು ವರ್ಷದಿಂದ ಈ ಮನುಷ್ಯ ಅವಳ ಕೈಯಡುಗೆ ಉಂಡು, ಅವಳು ಭಾವನಿಗೆ ಹಾಕುವ ಶಾಪವನ್ನೆಲ್ಲ ಕೇಳುತ್ತ ಸ್ಕ್ರೂ ಎಣಿಸುತ್ತ ಕೂತಿದ್ದ. ದೀಪದ ಬುಡದಲ್ಲೇ ಕತ್ತಲೆ. ಅವಳಿಗೆ ಅಳು ಬರಲಿಲ್ಲ. ಕಿವಿಯವರೆಗೆ ಸಿಟ್ಟು ಏರಿತು, ಈ ಸಲ ಅದು ಎರಡು ಕಡೆಗೆ ಹೊತ್ತಿ ಉರಿಯುತ್ತಿತ್ತು.

ಗಂಟನ್ನು ಕತ್ತರಿಸಿ ತೆಗೆದುಕೊಂಡು ಹೋಗಿ ಅಪ್ಪನ ಬೆರಳ ನಡುವೆ ಇಟ್ಟಳು.

"ಮುಟ್ಟಿ ನೋಡಿ ಹೇಳಪ್ಪಾ. ಯಾರ ಗಂಟು ಇದು?"

ಅಪ್ಪ ಬಹಳ ಹೊತ್ತು ಬೆರಳಾಡಿಸಿದ. ದಾರದ ಚಪ್ಪಟೆ ತುದಿಯನ್ನು ಉಗುರಿನಿಂದ ತಡವಿ ನೋಡಿದ.

"ನಂದು," ಎಂದ. ಆಮೇಲೆ ಗಟ್ಟಿಯಾಗಿ, ಗುಂಪಿನ ಕಡೆ ಮುಖ ಮಾಡಿ, "ನಂದು ಕಣ್ರಪ್ಪಾ. ಅವಳು ಮುಟ್ಟೇ ಇಲ್ಲ. ನಾನೇ ಹಾಕಿದ್ದು."

ಭಾವನ ಜೊತೆ ಬಂದಿದ್ದ ಹಳೆಯ ಮೆಕ್ಯಾನಿಕ್ಕೊಬ್ಬ ಕಣ್ಣೊರೆಸಿಕೊಂಡು, "ನೋಡಿ, ಹೆತ್ತ ಕರುಳು ಅಂದ್ರೆ ಇದು. ಮಗಳ ತಪ್ಪನ್ನ ಈ ವಯಸ್ಸಲ್ಲಿ ತನ್ನ ತಲೆ ಮೇಲೆ ಹೊತ್ಕೋತಾ ಇದಾರೆ," ಎಂದ. "ದೊಡ್ಡಮೇಸ್ತ್ರಿ ರಬ್ಬರೊಳಗೆ ಗಂಟು ಹಾಕ್ತಾರಾ? ಯಾರಿಗೆ ಹೇಳ್ತೀರಾ!" ಎಂದ ಟೈರಿನಂಗಡಿಯವನು. ಪೇಂಟಿನವನು ಬಗ್ಗಿ ಮುದುಕನ ಕಾಲು ಮುಟ್ಟಿಯೇಬಿಟ್ಟ.

"ನಿಜವಾಗ್ಲೂ ನಂದೇ ಕಣ್ರೋ!" ಎಂದು ಅಪ್ಪ ಕೂಗಿದಷ್ಟೂ ಅವನ ದೊಡ್ಡತನ ಬೆಳೆಯುತ್ತ ಹೋಯಿತು.

"ಭಾವ," ಎಂದಳು ಅವಳು. "ನಿಮಗೆ ಗೊತ್ತು. ಹೇಳಿ."

ಭಾವ ಬಾಯಿ ತೆರೆದ. ತನ್ನ ಇಬ್ಬರು ಮೆಕ್ಯಾನಿಕ್ಕುಗಳ ಮುಖ ನೋಡಿದ. ತೆರೆದ ಬಾಯಿ ಮುಚ್ಚಿಕೊಂಡು, "ಕೆಲಸ ಇದೆ, ಬರ್ತೀನಿ" ಎಂದು ಹೊರಟುಹೋದ. ಅವನ ಹಿಂದೆ ಗುಂಪೂ ಕರಗಿತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದಳು ಎಂದು ಯಾರೋ ಹೇಳಿಕೊಂಡು ಹೋದದ್ದು ಅವಳಿಗೆ ಕೇಳಿಸಿತು.

ಕರೆಂಟಕ್ಕ ನರ್ಸಿನ ಕಾರಿಗೆ ಹೊಸ ವೈರನ್ನು ಉದ್ದಕ್ಕೂ ಎಳೆದು, ಹೊಸ ಕೊಳವೆ ಹಾಕಿ, ಬಾಗಿಲನ್ನು ನೂರು ಸಲ ತೆರೆದು ಮುಚ್ಚಿ ನೋಡಿ ಕೊಟ್ಟಳು.

"ಹೇಳಿದೆನಲ್ಲಾ," ಎಂದ ಅಪ್ಪ ಕೊನೆಗೆ.

"ಹೇಳಿದೆ. ಆರು ವರ್ಷ ತಡವಾಗಿ. ಯಾರು ನಂಬಿದ್ರು?"

"ನಾನೇನು ಮಾಡ್ಲಿ ಈಗ?"

ಅವಳು ಗಂಟನ್ನು ಅವನ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದಳು. "ನಾಳೆ ಹತ್ತಕ್ಕೆ ಸ್ಕೂಟರಲ್ಲಿ ಕರ್ಕೊಂಡು ಹೋಗಿ ಭಾವನ ಗ್ಯಾರೇಜ್ ಬಾಗಿಲಲ್ಲಿ, ನಿನ್ನ ಬೋರ್ಡಿನ ಕೆಳಗೇ ಕೂರಿಸ್ತೀನಿ. ಬಂದ ಗಿರಾಕಿಗೆಲ್ಲ ಇದನ್ನ ತೋರಿಸಿ ಹೇಳು. ಒಂದು ಗಂಟೆಗೆ ಬಂದು ಕರ್ಕೊಂಡು ಬರ್ತೀನಿ. ನಂಬೋ ತನಕ ದಿನಾ ಹೇಳು."

ಅಪ್ಪ ಜೇಬನ್ನು ಮುಟ್ಟಿಕೊಂಡು, "ಆಗ್ಲಿ," ಎಂದ.

ಭಾವನಿಗೆ ಇದಕ್ಕಿಂತ ಒಳ್ಳೆಯ ಶಿಕ್ಷೆಯನ್ನು ಅವಳು ಆರು ವರ್ಷ ಯೋಚಿಸಿಯೂ ಕಂಡುಹಿಡಿದಿರಲಿಲ್ಲ. ಯಾರ ಫೋಟೋ ಬೋರ್ಡಿನ ಮೇಲಿದೆಯೋ ಅವನನ್ನೇ ಬಾಗಿಲಿಂದ ಎಬ್ಬಿಸುವುದು ಹೇಗೆ? ನುಂಗಲಾರದ ಬಿಸಿತುಪ್ಪ. ಉಗುಳಲೂ ಆಗದೆ ಭಾವ ಒಳಗೆ ಮೇಜಿನ ಹಿಂದೆ ಕೂತಿದ್ದನಂತೆ, ಎಂದು ಪೇಂಟಿನವನು ಸುದ್ದಿ ತಂದ. ಮೊದಲ ದಿನ ಮಧ್ಯಾಹ್ನ ಒಂದು ಗಂಟೆಗೆ ಹೋಗಿ ಕೇಳಿದಳು, "ಎಷ್ಟು ಜನ ನಂಬಿದ್ರು?"

"ಯಾರೂ ಇಲ್ಲ. ಇಬ್ಬರು ಹಣ್ಣು ಕೊಟ್ಟು ಹೋದ್ರು."

"ನಾಳೆ ಮತ್ತೆ."

ಎರಡನೆಯ ದಿನವೂ ಅಷ್ಟೆ. ಮೂರನೆಯ ದಿನ ಅಪ್ಪ ಸ್ಕೂಟರ್ ಹತ್ತಿ ಅವಳ ಭುಜ ಹಿಡಿದು ಕೂತಮೇಲೆ ತಾನೇ ಹೇಳಿದ.

"ಇವತ್ತು ಒಬ್ಬಳು ನಂಬಿದ್ಲು."

"ಯಾರು?"

"ನಿಮ್ಮಕ್ಕ. ಗಂಡನಿಗೆ ಊಟ ತಂದಿದ್ಲು. ಗಂಟು ಇಸ್ಕೊಂಡು ದಾರದ ತುದಿ ನೋಡಿದ್ಲು. ಚಿಕ್ಕವಳಿದ್ದಾಗ ನಂಗೆ ದಾರಕ್ಕೆ ಮೇಣ ಸವರಿ ಕೊಡ್ತಿದ್ದೋಳು ಅವಳೇ ಅಲ್ವಾ. ತುದಿ ಕಚ್ಚಬೇಡ, ಹಲ್ಲು ಹೋಗುತ್ತೆ ಅಂತ ಬೈತಿದ್ದೋಳು."

ಕರೆಂಟಕ್ಕ ಸ್ಕೂಟರ್ ಸ್ಟಾರ್ಟ್ ಮಾಡದೆ ಕೇಳಿದಳು, "ಏನಂದ್ಲು?"

"ಏನೂ ಅನ್ನಲಿಲ್ಲ. ಅಳ್ತಾ ಕೂತಿದ್ಲು. ಆಮೇಲೆ ಒಳಗೆ ಹೋಗಿ, ಅವನ ಮುಂದಿದ್ದ ಊಟದ ಡಬ್ಬಿ ಮುಚ್ಚಿ ಎತ್ಕೊಂಡು ಮನೆಗೆ ಹೋದ್ಲು."

ಅವಳು ತಿರುಗಿ ಗ್ಯಾರೇಜಿನ ಒಳಗೆ ನೋಡಿದಳು. ಭಾವ ಖಾಲಿ ಮೇಜಿನ ಮುಂದೆ ಕೂತಿದ್ದ. ಆರು ವರ್ಷದಿಂದ ನೋಡಬೇಕೆಂದುಕೊಂಡಿದ್ದ ತಗ್ಗಿದ ತಲೆ ಕಣ್ಣೆದುರಿಗಿತ್ತು. ಅವಳು ಕಣ್ಣು ತುಂಬ ನೋಡಿದಳು, ಹೊಟ್ಟೆ ತುಂಬಲಿಲ್ಲ.

"ಇನ್ನೂ ಬರಬೇಕೇನೇ ನಾನು?" ಎಂದು ಅಪ್ಪ ಬೆನ್ನ ಹಿಂದಿನಿಂದ ಕೇಳಿದ.

"ಒಬ್ಬಳು ಆಯ್ತು," ಎಂದಳು ಅವಳು, ಸ್ಕೂಟರ್ ಸ್ಟಾರ್ಟ್ ಮಾಡಿ. "ಆವತ್ತು ಅಲ್ಲಿ ಹತ್ತು ಜನ ಇದ್ರು."